ಟ್ರೋಜನ್‌ಗಳು ತ್ರಿಶಂಕುಗಳಲ್ಲ

ಹಿಂದೊಮ್ಮೆ ಒಂದು ಪತ್ರಿಕೆಗೆ ಟ್ರೋಜನ್ ಕ್ಷುದ್ರಗ್ರಹಗಳ ಬಗ್ಗೆ, ಅಂದರೆ ಗುರುಗ್ರಹದ ಮುಂದೊಂದು ಹಿಂದೊಂದು ಗುಂಪಾಗಿ ಅದರ ದಾರಿಯಲ್ಲೇ ಸೂರ್ಯನನ್ನು ಸುತ್ತುವ ಕಲ್ಲುಗಳ ಬಗ್ಗೆ ಬರೆದುಕೊಟ್ಟಿದ್ದೆ. ಅಚ್ಚಾಗಿ ಬಂದಾಗ ತಲೆಬರಹ ನೋಡಿ ಹಣೆ ಚಚ್ಚಿಕೊಂಡೆ. 'ಸೂರ್ಯ, ಗುರು ನಡುವಿನ ತ್ರಿಶಂಕುಗಳು' ಅಂತ ಹಾಕಿದ್ದರು. ನಾನು ಒಳಗೆ ಬರೆದಿದ್ದೆಲ್ಲ ಅದಕ್ಕೆ ಉಲ್ಟಾ. ಅವರನ್ನು ಬೈದು ಪ್ರಯೋಜನವಿಲ್ಲ ಬಿಡಿ. ಕಕ್ಷೆಗಳ ಲೆಕ್ಕ ಹಾಕುವುದು ನನ್ನ ಕೆಲಸ, ಅದರ ಬಗ್ಗೆ ಉಪನ್ಯಾಸ ಕೊಡುವುದು ಚಟ. ಉಪನ್ಯಾಸ ಮುಗಿದ ಮೇಲೆ ಹತ್ತಿರ ಬಂದು ಮಾತಾಡಿಸುವವರಲ್ಲಿ ಹೆಚ್ಚಿನವರು ಹೇಳುವುದು ಇದೇ ಮಾತು: "ಅಲ್ಲಿ ಸೂರ್ಯನ ಸೆಳೆತ, ಗುರುವಿನ ಸೆಳೆತ ಎರಡೂ ಸಮ ಆಗಿ ರದ್ದಾಗುತ್ತವೆ. ಅದಕ್ಕೇ ಆ ಕಲ್ಲುಗಳು ನಿಂತುಬಿಟ್ಟಿವೆ, ಅಲ್ವಾ?"

ಅಲ್ಲ. ಸೆಳೆತ ರದ್ದೂ ಆಗುವುದಿಲ್ಲ, ಸಮವೂ ಅಲ್ಲ, ಕಲ್ಲುಗಳು ನಿಂತೂ ಇಲ್ಲ.

ಒಮ್ಮೆ ಒಬ್ಬ ನಿವೃತ್ತ ಎಂಜಿನಿಯರ್ ಚಿತ್ರ ಬರೆದುಕೊಂಡೇ ಬಂದಿದ್ದರು. ಎರಡು ವೃತ್ತ, ನಡುವೆ ಒಂದು ಚುಕ್ಕೆ, ಆ ಕಡೆಗೊಂದು ಈ ಕಡೆಗೊಂದು ಬಾಣ. ಹಗ್ಗಜಗ್ಗಾಟ. ನಾನು ಹಾಳೆ ತಿರುಗಿಸಿ ಪೆನ್ನು ಅವರ ಕೈಗೇ ಕೊಟ್ಟೆ. "ಸೂರ್ಯ ಇಲ್ಲಿ, ಗುರು ಇಲ್ಲಿ ಇಡಿ ಸಾರ್. ಈಗ ಮೂರೂ ಬದಿ ಸಮ ಇರುವ ತ್ರಿಕೋನ ಎಳೆಯಿರಿ. ಮೂರನೇ ಮೂಲೆಯಲ್ಲಿ ಟ್ರೋಜನ್." ಎಳೆದರು. "ಈಗ ಟ್ರೋಜನ್‌ನಿಂದ ಎರಡೂ ಬಾಣ ಹಾಕಿ." ಸೂರ್ಯನ ಕಡೆಗೊಂದು ಹಾಕಿದರು, ಗುರುವಿನ ಕಡೆಗೊಂದು ಹಾಕಿದರು. ಎರಡೂ ಬಾಣ ಒಂದೇ ಮಗ್ಗುಲಿಗೆ ಬಿದ್ದವು, ಅವುಗಳ ನಡುವೆ 60 ಡಿಗ್ರಿ. ಇನ್ನೊಂದು ಮಗ್ಗುಲಲ್ಲಿ ಏನೂ ಇಲ್ಲ. ರದ್ದು ಮಾಡುವುದಕ್ಕೆ ಎದುರಿಗೆ ಯಾರೂ ಇಲ್ಲವಲ್ಲ! ಅವರು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದರು. "ಹಾಗಾದರೆ ಬೀಳಬೇಕಲ್ಲ?" ಅಂದರು. "ಬೀಳುತ್ತಲೇ ಇದೆ ಸಾರ್" ಅಂದೆ.

ಇನ್ನು ಆ ಬಾಣಗಳ ಉದ್ದ. ತ್ರಿಕೋನದ ಬದಿಗಳು ಸಮ. ಅಂದರೆ ಟ್ರೋಜನ್‌ಗೆ ಸೂರ್ಯ ಎಷ್ಟು ದೂರವೋ ಗುರುವೂ ಅಷ್ಟೇ ದೂರ, ಸುಮಾರು 78 ಕೋಟಿ ಕಿಲೋಮೀಟರ್. ಇವನ್ನು 'ಗುರುವಿನ ನೆರೆಹೊರೆ' ಅಂತ ಬರೆಯುವವರು ಇದನ್ನು ಗಮನಿಸಬೇಕು. ದೂರ ಸಮ ಇದ್ದ ಮೇಲೆ ಸೆಳೆತದ ಅನುಪಾತ ತೂಕದ ಅನುಪಾತವೇ. ಸೂರ್ಯ ಗುರುವಿನ 1047 ಪಟ್ಟು ಭಾರ. ಸೂರ್ಯನ ಬಾಣವನ್ನು ಒಂದು ಮೀಟರ್ ಎಳೆದರೆ ಗುರುವಿನದು ಒಂದು ಮಿಲಿಮೀಟರ್ ಕೂಡ ಪೂರ್ತಿ ಬರುವುದಿಲ್ಲ. ಇದು ಯಾವ ಸೀಮೆಯ ಸಮ?

ಆದರೆ ಆ ಮಿಲಿಮೀಟರ್‌ನಲ್ಲೇ ಇರುವುದು ಸ್ವಾರಸ್ಯ. ಸೂರ್ಯ ಅಲುಗಾಡದೆ ಕೂತಿಲ್ಲ. ಸೂರ್ಯ, ಗುರು ಎರಡೂ ತಮ್ಮಿಬ್ಬರ ತೂಕದ ಕೇಂದ್ರವನ್ನು ಸುತ್ತುತ್ತವೆ. ಆ ಕೇಂದ್ರ ಇರುವುದು ಸೂರ್ಯನ ಮೇಲ್ಮೈಯಿಂದ ತುಸು ಹೊರಗೆ. ಟ್ರೋಜನ್ ಮೇಲೆ ಸೂರ್ಯನದೊಂದೇ ಸೆಳೆತವಿದ್ದರೆ ಬಾಣ ಸೂರ್ಯನ ನಡುಮಧ್ಯಕ್ಕೆ ಗುರಿ ಇಡುತ್ತಿತ್ತು. ಗುರುವಿನ ಪುಟ್ಟ ಬಾಣ ಸೇರಿದಾಗ ಗುರಿ ಚೂರೇ ಚೂರು ವಾಲಿ ಸರಿಯಾಗಿ ಆ ಕೇಂದ್ರಕ್ಕೆ ನೆಡುತ್ತದೆ. ಸಾಲದ್ದಕ್ಕೆ ಬಲವೂ ಲೆಕ್ಕಕ್ಕೆ ಸರಿಹೋಗುತ್ತದೆ: ಗುರುವಿಗೆ ಒಂದು ಸುತ್ತಿಗೆ ಬೇಕಾಗುವ ಹೆಚ್ಚುಕಡಿಮೆ 12 ವರ್ಷದಲ್ಲೇ ಟ್ರೋಜನ್ ಕೂಡ ಸುತ್ತು ಮುಗಿಸಲು ಎಷ್ಟು ಬೇಕೋ ಅಷ್ಟೇ. ಸಮತೋಲನ ಅನ್ನುವ ಪದಕ್ಕೆ ಇಲ್ಲಿರುವ ಅರ್ಥ ಇಷ್ಟೇ. ಮೂವರೂ ಒಂದೇ ತಾಳಕ್ಕೆ ಸುತ್ತುತ್ತಾರೆ, ತ್ರಿಕೋನ ಕೆಡುವುದಿಲ್ಲ.

ಗುರುವಿಗಿಂತ 60 ಡಿಗ್ರಿ ಮುಂದಿರುವ ಮೂಲೆಗೆ ಎಲ್4 ಎನ್ನುತ್ತೇವೆ, 60 ಡಿಗ್ರಿ ಹಿಂದಿರುವುದಕ್ಕೆ ಎಲ್5. ಗಣಿತಜ್ಞ ಲಗ್ರಾಂಜ್ 1772ರಲ್ಲಿ ಈ ತ್ರಿಕೋನವನ್ನು ಕಾಗದದ ಮೇಲೆ ಕಂಡುಕೊಂಡ. ಆಕಾಶದಲ್ಲಿ ಅದು ಸಿಗಲು 134 ವರ್ಷ ಬೇಕಾಯಿತು. 1906ರ ಫೆಬ್ರವರಿಯಲ್ಲಿ ಹೈಡೆಲ್‌ಬರ್ಗ್‌ನ ಮ್ಯಾಕ್ಸ್ ವುಲ್ಫ್ ತೆಗೆದ ಫೋಟೊದಲ್ಲಿ ಮೊದಲ ಟ್ರೋಜನ್ ಅಕಿಲಿಸ್ ಸಿಕ್ಕಿತು. ಟ್ರಾಯ್ ಯುದ್ಧದ ವೀರರ ಹೆಸರಿಡೋಣ ಎಂದವನು ವಿಯೆನ್ನಾದ ಖಗೋಳಜ್ಞ ಪಲೀಸಾ. ಕೊನೆಗೆ ಮುಂದಿನ ಗುಂಪು ಗ್ರೀಕರ ಬಿಡಾರ, ಹಿಂದಿನದು ಟ್ರೋಜನ್ನರ ಬಿಡಾರ ಎಂದಾಯಿತು. ಆದರೆ ಈ ನಿಯಮ ಬರುವ ಮೊದಲೇ ಇಬ್ಬರಿಗೆ ನಾಮಕರಣ ಆಗಿಹೋಗಿತ್ತು. ಹಾಗಾಗಿ ಟ್ರಾಯ್‌ನ ಹೆಕ್ಟರ್ ಗ್ರೀಕರ ನಡುವೆ ಇದ್ದಾನೆ, ಗ್ರೀಕ ಪಾಟ್ರೋಕ್ಲಸ್ ಟ್ರೋಜನ್ನರ ನಡುವೆ. ಈಗ ಎರಡೂ ಬಿಡಾರ ಸೇರಿ ಲೆಕ್ಕಕ್ಕೆ ಸಿಕ್ಕವು 10,000ಕ್ಕೂ ಜಾಸ್ತಿ.

ಇಲ್ಲಿಯವರೆಗೆ ಒಪ್ಪಿಕೊಂಡವರು ಮುಂದಿನ ಹೆಜ್ಜೆಯಲ್ಲಿ ಮತ್ತೆ ಎಡವುತ್ತಾರೆ. "ಸರಿ, ಹಾಗಾದರೆ ಅದೊಂದು ಗುಂಡಿ. ಗೋಲಿ ಬಟ್ಟಲಿನ ತಳದಲ್ಲಿ ಇರುವ ಹಾಗೆ." ಅದೂ ಅಲ್ಲ! ಗುರುವಿನ ಜೊತೆಗೇ ತಿರುಗುತ್ತಾ ನೋಡುವವರ ಲೆಕ್ಕದಲ್ಲಿ ಎಲ್4, ಎಲ್5 ಗುಂಡಿಗಳಲ್ಲ, ಗುಡ್ಡದ ನೆತ್ತಿಗಳು. ಒಮ್ಮೆ ಶಾಲಾ ಮಕ್ಕಳ ಶಿಬಿರದಲ್ಲಿ ಈ ಮಾತು ಹೇಳಿದಾಗ ಒಬ್ಬ ಹುಡುಗಿ ಎದ್ದು ನಿಂತು, "ಗುಡ್ಡದ ಮೇಲಿಟ್ಟ ಕಲ್ಲು ಉರುಳಲ್ವಾ?" ಅಂದಳು. ಇಷ್ಟು ವರ್ಷದಲ್ಲಿ ನನಗೆ ಬಂದ ಪ್ರಶ್ನೆಗಳಲ್ಲಿ ಇದೇ ಒಳ್ಳೆಯದು. ಉರುಳುತ್ತದೆ. ಉರುಳಲು ಶುರು ಮಾಡುತ್ತದೆ, ಅಷ್ಟೇ. ಚಲಿಸಿದ ಕೂಡಲೇ ಕೊರಿಯೋಲಿಸ್ ಬಲ, ಅಂದರೆ ತಿರುಗುತ್ತಾ ನೋಡುವವರ ಲೆಕ್ಕದಲ್ಲಿ ಮಾತ್ರ ಕಾಣಿಸಿಕೊಳ್ಳುವ ಬಲ, ಅದರ ದಾರಿಯನ್ನು ಪಕ್ಕಕ್ಕೆ ತಿರುಗಿಸುತ್ತದೆ. ಇಳಿಯಲು ಹೊರಟಿದ್ದು ನೆತ್ತಿಯ ಸುತ್ತ ಪ್ರದಕ್ಷಿಣೆ ಹಾಕತೊಡಗುತ್ತದೆ. ಬುಗುರಿ ನೆನಪಿಸಿಕೊಳ್ಳಿ. ಸುಮ್ನೆ ಮೊಳೆಯ ಮೇಲೆ ನಿಲ್ಲಿಸಿದರೆ ಬೀಳುತ್ತದೆ, ತಿರುಗಿಸಿ ಬಿಟ್ಟರೆ ನಿಲ್ಲುತ್ತದೆ.

ನಾನೇ ಇದನ್ನು ಪೆಟ್ಟು ತಿಂದು ಕಲಿತವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬರೆದ ಪ್ರೋಗ್ರಾಂನಲ್ಲಿ ಕೊರಿಯೋಲಿಸ್ ಬಲದ ಲೆಕ್ಕವನ್ನೇ ಬಿಟ್ಟುಬಿಟ್ಟಿದ್ದೆ. ಓಡಿಸಿ ನೋಡಿದರೆ, ಎಲ್4ರಲ್ಲಿ ಜೋಪಾನವಾಗಿ ಇಟ್ಟ ಕಲ್ಲು ಗುರು ಎರಡು ಸುತ್ತು ಮುಗಿಸುವ ಮೊದಲೇ ಪರದೆ ಬಿಟ್ಟು ಪರಾರಿ. ಮೂರು ದಿನ ತಪ್ಪು ಹುಡುಕಿದೆ. ಬಿಟ್ಟಿದ್ದನ್ನು ಸೇರಿಸಿದ ಮೇಲೆ ಪರದೆಯ ಮೇಲೆ ಗೊದಮೊಟ್ಟೆಯ ಆಕಾರ ನಿಧಾನವಾಗಿ ಮೂಡಿತು, ಒಂದು ಕಡೆ ದಪ್ಪ ತಲೆ, ಇನ್ನೊಂದು ಕಡೆ ಉದ್ದ ಬಾಲ. ಟ್ರೋಜನ್‌ಗಳು ನಿಜಕ್ಕೂ ಓಡಾಡುವುದು ಹೀಗೆಯೇ. ಅಂಥ ಒಂದು ಓಡಾಟಕ್ಕೆ ಸುಮಾರು 150 ವರ್ಷ ಹಿಡಿಯುತ್ತದೆ.

ಕೊರಿಯೋಲಿಸ್ ಹೆಸರು ಕೇಳಿದರೆ ತಲೆನೋವು ಎನ್ನುವವರಿಗೆ ಬೇರೆ ದಾರಿಯಲ್ಲಿ ಹೇಳುತ್ತೇನೆ. ಎಲ್5ರಲ್ಲಿ, ಅಂದರೆ ಹಿಂದಿನ ಬಿಡಾರದಲ್ಲಿ ಇರುವ ಒಂದು ಕಲ್ಲು ಮುಂದೆ ಸರಿದು ಗುರುವಿನ ಹತ್ತಿರ ಬಂತು ಅಂದುಕೊಳ್ಳಿ. ಗುರು ಅದನ್ನು ಮುಂದಕ್ಕೆ ಎಳೆಯುತ್ತದೆ. ಈಗ ಡಿಕ್ಕಿ ಖಂಡಿತ ಎಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಮುಂದಕ್ಕೆ ಎಳೆಸಿಕೊಂಡ ಕಲ್ಲಿಗೆ ಶಕ್ತಿ ಹೆಚ್ಚುತ್ತದೆ. ಶಕ್ತಿ ಹೆಚ್ಚಿದರೆ ಕಕ್ಷೆ ದೊಡ್ಡದಾಗುತ್ತದೆ. ದೊಡ್ಡ ಕಕ್ಷೆಯಲ್ಲಿ ಸುತ್ತು ಮುಗಿಸಲು ಜಾಸ್ತಿ ಕಾಲ ಬೇಕು. ಹಾಗಾಗಿ ಕಲ್ಲು ಹಿಂದೆ ಬೀಳುತ್ತದೆ! ಮುಂದಕ್ಕೆ ಎಳೆದರೆ ಹಿಂದಕ್ಕೆ ಹೋಗುತ್ತದೆ. ಮುಂದಿನ ಬಿಡಾರದಲ್ಲಿ ಇದರ ತಿರುವುಮುರುವು: ಗುರು ಹಿಂದಕ್ಕೆ ಎಳೆದರೆ ಕಕ್ಷೆ ಕಿರಿದಾಗಿ ಕಲ್ಲು ಮುಂದೋಡುತ್ತದೆ. ನೆಲದ ಮೇಲಿನ ನಮ್ಮ ಅನುಭವಕ್ಕೆ ಇದು ಒಗ್ಗುವುದೇ ಇಲ್ಲ. ಒಂದೇ ಓದಿಗೆ ಅರ್ಥವಾಗದಿದ್ದರೆ ಬೇಜಾರು ಬೇಡ, ಇನ್ನೊಮ್ಮೆ ಓದಿ.

ಒಂದು ಎಚ್ಚರಿಕೆ. ಇದೆಲ್ಲ ಗುರುವಿನ ಕಕ್ಷೆ ಸರಿಯಾದ ವೃತ್ತ, ಬೇರೆ ಗ್ರಹಗಳೇ ಇಲ್ಲ ಎಂದು ಇಟ್ಟುಕೊಂಡ ಲೆಕ್ಕ. ನಿಜದಲ್ಲಿ ಶನಿ ಆಗಾಗ ತಗಾದೆ ತೆಗೆಯುತ್ತದೆ, ಕೋಟ್ಯಂತರ ವರ್ಷಗಳಲ್ಲಿ ಕೆಲವು ಕಲ್ಲುಗಳು ಬಿಡಾರ ಬಿಟ್ಟು ಹೋಗುತ್ತವೆ. ಇನ್ನೂ ಒಂದು ಶರತ್ತು ಇದೆ. ಈ ಬುಗುರಿ ನಿಲ್ಲಬೇಕಾದರೆ ಎರಡು ದೊಡ್ಡ ಕಾಯಗಳಲ್ಲಿ ಭಾರದ್ದು ಇನ್ನೊಂದರ ಸುಮಾರು 25 ಪಟ್ಟಾದರೂ ಇರಬೇಕು. ಸೂರ್ಯ, ಗುರು ಜೋಡಿ ಅದನ್ನು ಆರಾಮವಾಗಿ ದಾಟುತ್ತದೆ.

ಆದಿತ್ಯ-ಎಲ್1 ಹೋದ ಮೇಲಂತೂ ಹಗ್ಗಜಗ್ಗಾಟದ ಚಿತ್ರ ಇನ್ನಷ್ಟು ಗಟ್ಟಿಯಾಗಿದೆ. ಸೂರ್ಯ, ಭೂಮಿ ನಡುವಿನ ಎಲ್1 ಬಿಂದುವಿನಲ್ಲೂ ಸೆಳೆತ ರದ್ದಾಗುವುದಿಲ್ಲ. ಸೂರ್ಯ, ಭೂಮಿಗಳ ಸೆಳೆತ ನಿಜವಾಗಿ ಸಮ ಆಗುವುದು ನಮ್ಮಿಂದ ಬರೀ 2.6 ಲಕ್ಷ ಕಿ.ಮೀ. ದೂರದಲ್ಲಿ, ಚಂದ್ರನಿಗಿಂತ ಈಚೆಗೆ. ಎಲ್1 ಇರುವುದು ಸುಮಾರು 15 ಲಕ್ಷ ಕಿ.ಮೀ. ಆಚೆ. ಎಲ್1ಕ್ಕೆ ಈ ಬುಗುರಿಯ ಭಾಗ್ಯವೂ ಇಲ್ಲ. ಅಲ್ಲಿರುವ ನೌಕೆಯನ್ನು ಆಗಾಗ ಎಂಜಿನ್ ಉರಿಸಿ ದಾರಿಗೆ ತರಬೇಕು.

ಭೂಮಿಗೂ ಟ್ರೋಜನ್ ಇವೆ. ಖಚಿತವಾಗಿ ಗೊತ್ತಿರುವುದು ಎರಡು, 2010 ಟಿಕೆ7 ಮತ್ತು 2020 ಎಕ್ಸ್‌ಎಲ್5. ಎರಡೂ ನಮಗಿಂತ ಮುಂದೆ, ಎರಡೂ ಕಾಯಂ ಅಲ್ಲ. ನಮಗೆ ಬಡಿಯುತ್ತವಾ ಎಂದು ಕೇಳುವವರು ಮೇಲಿನ 'ಮುಂದಕ್ಕೆ ಎಳೆದರೆ' ಭಾಗವನ್ನು ಮತ್ತೆ ಓದಬಹುದು.

ಎಂಜಿನಿಯರ್ ಸಾಹೇಬರು ಆಮೇಲೂ ಬರುತ್ತಿದ್ದಾರೆ. ಮೊನ್ನೆ ಕೇಳಿದ್ದು ನಾಸಾದ ಲೂಸಿ ನೌಕೆಯ ಬಗ್ಗೆ. 2021ರಲ್ಲಿ ಹೊರಟ ಅದು 2027ರ ಆಗಸ್ಟ್‌ನಲ್ಲಿ ಯೂರಿಬೇಟಿಸ್ ಎಂಬ ಟ್ರೋಜನ್ ಪಕ್ಕ ಹಾದುಹೋಗಬೇಕು. "ಅಷ್ಟು ದೂರ ಹೋಗಿ ಅಲ್ಲೇ ನಿಲ್ಲಿಸಬಹುದಲ್ಲ?" ಅಂದವರು, ನಾನು ಬಾಯಿ ತೆರೆಯುವ ಮೊದಲೇ ನಾಲಿಗೆ ಕಚ್ಚಿಕೊಂಡರು. ಆ ಬಿಂದುವೇ ಸೂರ್ಯನ ಸುತ್ತ ಸೆಕೆಂಡಿಗೆ 13 ಕಿ.ಮೀ. ಓಡುತ್ತಿದೆ. ನಿಲ್ಲಬೇಕಾದರೆ ಅದರ ವೇಗಕ್ಕೆ ತನ್ನ ವೇಗ ಹೊಂದಿಸಬೇಕು, ಅಷ್ಟು ಇಂಧನ ಲೂಸಿಯಲ್ಲಿ ಇಲ್ಲ. ಸೆಕೆಂಡಿಗೆ ಸುಮಾರು 6 ಕಿ.ಮೀ. ವ್ಯತ್ಯಾಸದಲ್ಲಿ ಫೋಟೊ ತೆಗೆಯುತ್ತಾ ದಾಟಿಹೋಗುತ್ತದೆ. ಆಮೇಲೆ ಭೂಮಿಯ ಹತ್ತಿರ ಬಂದು, 2033ರ ಮಾರ್ಚ್‌ನಲ್ಲಿ ಹಿಂದಿನ ಬಿಡಾರಕ್ಕೆ, ದಾರಿ ತಪ್ಪಿದ ಆ ಪಾಟ್ರೋಕ್ಲಸ್ ಬಳಿಗೆ. ಎಂಜಿನಿಯರ್ ಎರಡೂ ತಾರೀಖು ಡೈರಿಯಲ್ಲಿ ಬರೆದುಕೊಂಡಿದ್ದಾರೆ. ಪಕ್ಕದಲ್ಲಿ ಪುಟ್ಟದೊಂದು ತ್ರಿಕೋನವನ್ನೂ ಎಳೆದುಕೊಂಡಿದ್ದಾರೆ, ಬಾಣಗಳೆರಡೂ ಒಂದೇ ಮಗ್ಗುಲಿಗೆ.