ದಾಂಪತ್ಯದ ಕವಿತೆಯಲ್ಲಿ ಮನೆಗೇನು ಕೆಲಸ?

ಪ್ರಶ್ನೆ: ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳಲ್ಲಿ ಬಾಗಿಲು, ಮಂಚ, ದೀಪ, ಕೋಣೆ ಮತ್ತೆ ಮತ್ತೆ ಬರುತ್ತವೆ. ಇವು ಬರೀ ಹಿನ್ನೆಲೆಯೋ, ಗಂಡ-ಹೆಂಡಿರ ಬಗ್ಗೆ ಏನಾದರೂ ಹೇಳುತ್ತವೆಯೋ? ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ಬರೆಯುವವರಿಗೆ ಇದರಿಂದ ಏನು ಸಿಗುತ್ತದೆ?

ಹೇಳುತ್ತವೆ. ಎಷ್ಟೋ ಸಲ ಅವೇ ಹೇಳುತ್ತವೆ, ಕವಿ ಸುಮ್ಮನಿರುತ್ತಾರೆ. 1942ರ 'ಮೈಸೂರ ಮಲ್ಲಿಗೆ' ಸಂಕಲನದ 'ರಾಯರು ಬಂದರು' ಕವಿತೆಯನ್ನೇ ತೆಗೆದುಕೊಳ್ಳಿ. ಅಳಿಯ ರಾಯರು ರಾತ್ರಿ ಮಾವನ ಮನೆಗೆ ಬರುತ್ತಾರೆ. ಒಂದು ಹಾಳೆಯಲ್ಲಿ ಮಾವನ ಮನೆಯ ನಕ್ಷೆ ಗೀಚಿ, ರಾಯರು ಕಾಲಿಟ್ಟ ಕಡೆಯೆಲ್ಲ ಗುರುತು ಹಾಕುತ್ತಾ ಹೋಗಿ. ಹೊರಗೆ ತುಂಬು ಚಂದಿರ. ಬಾಗಿಲಲ್ಲಿ ಕಾಲು ತೊಳೆಯಲು ಬಿಸಿನೀರಿನ ತಂಬಿಗೆ. ಒಳಗೆ ದೀಪ, ಮಲ್ಲಿಗೆಯ ಪರಿಮಳ. ಆಮೇಲೆ ಊಟ, ಬೆಳ್ಳಿ ಬಟ್ಟಲಲ್ಲಿ ಗಸಗಸೆ ಪಾಯಸ. ಕೊನೆಗೆ ಚಪ್ಪರಗಾಲಿನ ಮಂಚ, ರೇಷ್ಮೆ ದಿಂಬು. ಆಕಾಶದಿಂದ ಶುರುವಾದ ಜಾಗ ಕಿರಿದಾಗುತ್ತಾ ದಿಂಬಿನ ಅಂಚಿಗೆ ಬಂದು ನಿಲ್ಲುತ್ತದೆ. ಆ ಅಂಚಿನಲ್ಲಿ ರಾಯರ ಹೆಂಡತಿ ಪದುಮ ಹಾಕಿದ ಚಿತ್ರದ ಹೂವಿದೆ. ಅವಳ ಕೈಕೆಲಸ ಕೋಣೆಗೆ ಬಂದಿದೆ, ಅವಳು ಬಂದಿಲ್ಲ. ಬಳೆಯ ಸದ್ದೂ ಇಲ್ಲ.

ಮಾವನ ಮನೆಯಾದ್ದರಿಂದ ರಾಯರು ಹೆಂಡತಿಯನ್ನು ಕೂಗಿ ಕರೆಯುವಂತಿಲ್ಲ, ನಾದಿನಿಯನ್ನು ಕೇಳಬೇಕು. ಪದುಮ ಒಳಗಿಲ್ಲ ಎಂದು ನಾದಿನಿ ನಗುತ್ತಾಳೆ, ರಾಯರು ನಗುವುದಿಲ್ಲ. ಇಂದಿನ ಓದುಗರು ಎಡವುವುದು ಇಲ್ಲೇ: ಅವಳು ಬೇರೆ ಊರಿಗೆ ಹೋಗಿರಬೇಕು ಅಂದುಕೊಳ್ಳುತ್ತಾರೆ. ಮುಟ್ಟಾದವರು ಮೂರು ದಿನ ಹೊರಗೆ ಕೂರುತ್ತಿದ್ದ ಕಾಲ ಅದು. ಪದುಮ ಕೆಲವೇ ಮಾರು ದೂರದಲ್ಲಿದ್ದಾಳೆ, ಆದರೆ ರಾಯರು ಹೋಗಲಾರದ ಕಡೆ ಇದ್ದಾಳೆ. ಬೆಳಗ್ಗೆ ರಾಯರು ಮುನಿಸಿಕೊಂಡು ಹೊರಟು ನಿಂತಾಗ ಒಳಮನೆಯಲ್ಲಿ ನೀರಾಯಿತೆಂಬ, ಅಂದರೆ ಮುಟ್ಟು ಕಳೆದ ಸ್ನಾನ ಆಯಿತೆಂಬ ಸುದ್ದಿ, ಹಿಂದೆಯೇ ಹೂ ಮುಡಿಯುತ್ತಾ ಪದುಮ. ಪಾಯಸ ಕೊಟ್ಟು ಉಪಚರಿಸುವ ಮನೆಯೇ ಗಂಡ-ಹೆಂಡತಿ ಯಾವಾಗ ಒಂದು ಕೋಣೆಗೆ ಬರಬೇಕೆಂದೂ ತೀರ್ಮಾನಿಸುತ್ತದೆ. ಕವಿತೆಯ ಜೀವ ಇರುವುದು ಇದರಲ್ಲಿ. ಹಾಡಾಗಿ ಕೇಳುವಾಗ ನಾವು ಚಂದಿರನ ಹತ್ತಿರವೇ ನಿಂತುಬಿಡುತ್ತೇವೆ, ಆದ್ದರಿಂದ ಒಮ್ಮೆಯಾದರೂ ಪುಸ್ತಕದಲ್ಲಿ ಪೂರ್ತಿ ಓದಿ. ಹೊರಗೆ ಕೂತ ಪದುಮಳಿಗೆ ಆ ರಾತ್ರಿ ಹೇಗಿತ್ತೆಂದು ಕವಿತೆ ಕೇಳುವುದಿಲ್ಲ. ಅದು ನಿಜವಾದ ಕೊರತೆ, ಓದುವವರು ಗಮನಿಸಲೇಬೇಕು.

ಪಿ. ಲಂಕೇಶರ 'ಅವ್ವ' ಕವಿತೆಯಲ್ಲಿ ಜಾಗದ ಕೆಲಸವೇ ಬೇರೆ. ಅಲ್ಲಿ ತಾಯಿ ಹೊಲದಲ್ಲಿ ನಿಂತವಳಲ್ಲ, ಅವಳೇ ಕಪ್ಪು ನೆಲ. ಮರಿಗಳನ್ನು ಹೊರುವ ಕಾಡುಕರಡಿಯೂ ಅವಳೇ. ಸಾವಿತ್ರಿ, ಜಾನಕಿಯರ ಸಾಲಿಗೆ ಅವಳನ್ನು ಸೇರಿಸಲು ಮಗ ಒಪ್ಪುವುದಿಲ್ಲ. ಅವರನ್ನು ಪುರಾಣದಿಂದ ಎತ್ತಿ ಎಲ್ಲಿ ಬೇಕಾದರೂ ಕೂರಿಸಬಹುದು, ಇವಳನ್ನು ಮಣ್ಣಿನಿಂದ ಬಿಡಿಸಲಾಗದು.

ಇನ್ನು ಬರೆಯುವವರ ಮಾತು. ಗಾಂಧಿ ಬಜಾರ್, ಲಾಲ್‌ಬಾಗ್ ಎಂದು ಹೆಸರು ಹಾಕಿದರೆ ಬೆಂಗಳೂರು ಬಂದುಬಿಡುವುದಿಲ್ಲ. ಹೆಸರು ಅಳಿಸಿ ಅಲ್ಲಿ ಹುಬ್ಬಳ್ಳಿಯ ಯಾವುದೋ ಬೀದಿ ಹಾಕಿ ನೋಡಿ. ಕವಿತೆಗೆ ಏನೂ ಆಗದಿದ್ದರೆ ಆ ಹೆಸರು ದಂಡ. ಅದರ ಬದಲು ಎರಡು ಬೆಡ್‌ರೂಮಿನ ಮನೆಯಲ್ಲಿ ಒಂದೇ ಜಾಗ ಹಿಡಿಯಿರಿ, ಉದಾಹರಣೆಗೆ ಅಡುಗೆಮನೆಗೆ ಅಂಟಿಕೊಂಡ, ಬಟ್ಟೆ ಒಗೆದು ಹರವುವ ಯುಟಿಲಿಟಿ. ಅಲ್ಲಿರುವ ನಾಲ್ಕೈದು ವಸ್ತು ಸಾಕು, ಆದರೆ ಪ್ರತಿಯೊಂದೂ ಯಾರದೋ ಕೈಯಲ್ಲಿರಬೇಕು: ಒಗೆದ ಬಟ್ಟೆ ಹರವುತ್ತಿರುವವರು ಯಾರು, ಕ್ಲಿಪ್ ಎತ್ತಿಕೊಡುವವರು ಯಾರು, ಅಡುಗೆಮನೆಯಿಂದ ಅತ್ತೆಗೆ ಎಷ್ಟು ಕೇಳಿಸುತ್ತದೆ. ಹಾಲ್‌ನಲ್ಲಿ ಟಿವಿ ಓಡುತ್ತಿದ್ದರೆ ಗಂಡ-ಹೆಂಡತಿ ಯುಟಿಲಿಟಿಯಲ್ಲಿ ಎರಡು ಮಾತಾಡಿಕೊಳ್ಳಬಹುದು, ಆಫ್ ಆದರೆ ಇಲ್ಲ. ಇಷ್ಟು ನಿಕ್ಕಿಯಾದ ಮೇಲೆ ಪ್ರೀತಿ, ವಿರಹ ಎಂಬ ಪದಗಳಿರುವ ಸಾಲುಗಳನ್ನು ಹೊಡೆದುಹಾಕಿ ಮತ್ತೆ ಓದಿ. ಅರ್ಥ ಕೆಟ್ಟ ಕಡೆ ಆ ಪದ ಹಿಂದಕ್ಕೆ ತರುವುದಲ್ಲ, ಬಟ್ಟೆಯನ್ನೋ ಕ್ಲಿಪ್ಪನ್ನೋ ಹಿಡಿದ ಕೈಯನ್ನು ಇನ್ನಷ್ಟು ಬಿಡಿಸಿ ಬರೆಯಬೇಕು.