ಇಂಗ್ಲಿಷ್ ಪೇಪರ್‌ನಲ್ಲಿ ಕೇಳುವ ‘ವಾಯ್ಸ್’ ಯಾರ ದನಿ?

ಪ್ರಶ್ನೆ: ಕಥೆಯ ವಾಯ್ಸ್, ಸಿನಿಮಾದ ವಾಯ್ಸ್ ಬಗ್ಗೆ ಬರೆಯಿರಿ ಅಂತ ಪರೀಕ್ಷೆಯಲ್ಲಿ ಕೇಳುತ್ತಾರೆ. ನನಗೆ ಗೊತ್ತಿರೋದು ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಮಾತ್ರ. ಇದು ಬೇರೆಯಾ?
– ಪದವಿ ವಿದ್ಯಾರ್ಥಿನಿ, ಹಾಸನ

ಬೇರೆಯೇ. ನೀವು ಹೇಳಿದ್ದು ವ್ಯಾಕರಣದ್ದು, ನಮ್ಮ ಕರ್ತರಿ, ಕರ್ಮಣಿ ಪ್ರಯೋಗ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸಾಹಿತ್ಯದಲ್ಲಿ ವಾಯ್ಸ್ ಅಂದರೆ ಕಥೆ ಹೇಳುವವರ ದನಿ. ಹೇಳುತ್ತಿರುವವರು ಯಾರು, ಅವರ ಮಾತಿನ ರೀತಿ ಎಂಥದು, ಅವರಿಗೆ ಏನು ಗೊತ್ತು, ಏನು ಗೊತ್ತಿಲ್ಲ, ಎಲ್ಲವೂ ಅದರಲ್ಲಿ ಸೇರುತ್ತದೆ.

ಚಿಕ್ಕಮಗಳೂರು ಕಡೆಯ ಒಂದು ತೋಟ ಅಂತ ಇಟ್ಟುಕೊಳ್ಳಿ. ಕಣದಲ್ಲಿ ಕಾಫಿ ಹರವಿದೆ. ರಾತ್ರಿ ಅಕಾಲದ ಮಳೆ ಬಂತು. ಯಜಮಾನರು ಹೇಳುತ್ತಾರೆ: ‘ಇನ್ನೆರಡು ದಿನ ಬಿಸಿಲು ಸಿಕ್ಕಿದ್ದರೆ ಸಾಕಿತ್ತು. ಎಲ್ಲ ನೆನೆದು ಹೋಯ್ತು.’ ಅವರ ಪುಟ್ಟ ಮೊಮ್ಮಗಳು ಹೇಳುತ್ತಾಳೆ: ‘ಎಲ್ಲರೂ ಟಾರ್ಪಾಲ್ ಎಳೆಯೋಕೆ ಓಡಿದ್ರು. ನಾನೂ ಓಡಿದೆ. ಅಷ್ಟು ಹೊತ್ತಾದ್ರೂ ಯಾರೂ ಮಲಕ್ಕೋ ಅನ್ನಲೇ ಇಲ್ಲ!’ ಮಗುವಿಗೆ ನಷ್ಟ ಗೊತ್ತಿಲ್ಲ. ಓದುವ ನಮಗೆ ಗೊತ್ತಾಗುತ್ತದೆ, ಅಲ್ವಾ? ಅವಳು ಖುಷಿಯಿಂದ ಹೇಳಿದಷ್ಟೂ ನಮಗೆ ಸಂಕಟ ಜಾಸ್ತಿ.

ಇದಕ್ಕೆ ನಿಮ್ಮ ಊರಲ್ಲೇ ಒಳ್ಳೆಯ ಉದಾಹರಣೆ ಇದೆ. ರಾಜಾರಾವ್ 1908ರಲ್ಲಿ ಹುಟ್ಟಿದ್ದು ಹಾಸನದಲ್ಲಿ. ಫ್ರಾನ್ಸಿಗೆ ಹೋಗಿ ಓದಿದವರು. 1938ರಲ್ಲಿ ಅವರ ಇಂಗ್ಲಿಷ್ ಕಾದಂಬರಿ ‘ಕಾಂತಾಪುರ’ ಬಂತು. ಬರೆದಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಆದರೆ ಅದರಲ್ಲಿ ಕಥೆ ಹೇಳುವುದು ಅಚ್ಚಕ್ಕ ಅನ್ನುವ ಹಳ್ಳಿಯ ಅಜ್ಜಿ. ‘ಆಂಡ್’, ‘ಆಂಡ್’ ಅಂತ ಪೋಣಿಸಿಕೊಂಡು ಉಸಿರು ಬಿಡದೆ ಹೇಳುತ್ತಾಳೆ. ನಡುವೆ ಊರ ದೇವತೆ ಕೆಂಚಮ್ಮನನ್ನು ಕರೆಯುತ್ತಾಳೆ. ‘ನಾನು’ ಅನ್ನುವುದಕ್ಕಿಂತ ‘ನಾವು’ ಅನ್ನುತ್ತಾಳೆ. ಆ ‘ನಾವು’ ಒಳಗೆ ಊರಿನ ಹೆಂಗಸರೆಲ್ಲ ಇದ್ದಾರೆ. ಜಗಲಿಯ ಮೇಲೆ ಕೂತ ನಮ್ಮ ಅಜ್ಜಿಯಂದಿರ ಮಾತಿನ ಓಟವನ್ನು ಅವರು ಇಂಗ್ಲಿಷಿಗೆ ತಂದರು. ನನಗೆ ಅದು ಇವತ್ತಿಗೂ ದೊಡ್ಡ ಸಾಹಸ ಅನ್ನಿಸುತ್ತದೆ.

ಅದಕ್ಕೇ ಉತ್ತರದಲ್ಲಿ ‘ರಾಜಾರಾವ್ ಹೇಳುತ್ತಾರೆ’ ಅಂತ ಬರೆಯಬೇಡಿ, ‘ನಿರೂಪಕಿ ಹೇಳುತ್ತಾಳೆ’ ಅಂತ ಬರೆಯಿರಿ. ‘ವಾಯ್ಸ್ ದುಃಖದಿಂದ ಕೂಡಿದೆ’ ಅಂದರೂ ತಪ್ಪು. ದುಃಖ ಟೋನ್‌ಗೆ, ಅಂದರೆ ಆ ಹೊತ್ತಿನ ಮಾತಿನ ಭಾವಕ್ಕೆ ಸೇರಿದ್ದು. ಊರ ಹರಟೆ ಹೇಳುವಾಗ ಅಚ್ಚಕ್ಕನ ಟೋನ್ ಒಂದು, ಪೊಲೀಸರ ಲಾಠಿ ಬೀಳುವಾಗ ಇನ್ನೊಂದು. ದನಿ ಮಾತ್ರ ಕೊನೆವರೆಗೂ ಅವಳದೇ.

ಸಿನಿಮಾದಲ್ಲಿ ವಾಯ್ಸ್ ಓವರ್, ಅಂದರೆ ದೃಶ್ಯದ ಮೇಲೆ ಕೇಳಿಬರುವ ನಿರೂಪಕರ ಮಾತು ಇದ್ದರೆ ಗುರುತಿಸುವುದು ಸುಲಭ. ಇಲ್ಲದಿದ್ದಾಗ ಕ್ಯಾಮೆರಾ ಯಾರ ಪಕ್ಕ ನಿಂತಿದೆ, ಯಾರ ಕಿವಿಗೆ ಬಿದ್ದ ಶಬ್ದ ನಮಗೂ ಕೇಳುತ್ತಿದೆ ಅಂತ ನೋಡಿ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನೋಡಿದ್ದೀರಾ? ವಿಧವೆ ಯಮುನಾಳ ಕಷ್ಟವನ್ನು ನಾವು ಹೆಚ್ಚಾಗಿ ನಾಣಿ ಅನ್ನುವ ಪುಟ್ಟ ಹುಡುಗನ ಜೊತೆ ನಿಂತು ನೋಡುತ್ತೇವೆ. ಅದರ ಒಂದೇ ಒಂದು ದೃಶ್ಯ ಆರಿಸಿಕೊಳ್ಳಿ. ಹುಡುಗನಿಗೆ ಕಂಡದ್ದೇನು, ಅವನಿಗೆ ಅರ್ಥವಾಗದೆ ನಮಗೆ ಅರ್ಥವಾದದ್ದೇನು, ಅಷ್ಟನ್ನು ಬರೆದು ನೋಡಿ.