'ಇನ್ನೂ ಎಷ್ಟು ದಿನ ಹೀಗೇ ಕೂತಿರ್ತೀರಿ?'

ವಯಸ್ಸಾದ ಹೆಂಗಸು ಗಂಡನನ್ನು ಕಳೆದುಕೊಂಡಾಗ ಸುತ್ತಲಿನವರು ಎರಡು ಮಾತು ಹೇಳುತ್ತಾರೆ. ಮೊದಲಿಗೆ, 'ತುಂಬು ಬಾಳು ಬಾಳಿದರು, ಬಿಡಿ.' ಕೆಲವು ತಿಂಗಳು ಕಳೆದ ಮೇಲೆ, 'ಇನ್ನೂ ಎಷ್ಟು ದಿನ ಹೀಗೇ ಕೂತಿರ್ತೀರಿ?' ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ದುಃಖ ಇಷ್ಟು ದಿನದಲ್ಲಿ ಮುಗಿಯಬೇಕು ಅನ್ನುವ ನಂಬಿಕೆ ಅವರೊಬ್ಬರದ್ದೇ ಅಲ್ಲ. ಮನೋವೈದ್ಯರೂ ಬಹಳ ಕಾಲ ಹಾಗೇ ನಂಬಿದ್ದರು.

ತೀರಿಹೋದವರಿಂದ ಮನಸ್ಸನ್ನು ಸ್ವಲ್ಪಸ್ವಲ್ಪವೇ ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದು ಮನೋವಿಶ್ಲೇಷಣೆ ಶುರು ಮಾಡಿದ ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಬರೆದರು. ಬೋಸ್ಟನ್ ನೈಟ್‌ಕ್ಲಬ್ಬಿನ ಬೆಂಕಿ ದುರಂತದಲ್ಲಿ ತಮ್ಮವರನ್ನು ಕಳೆದುಕೊಂಡವರ ಜೊತೆ ಮನೋವೈದ್ಯ ಎರಿಕ್ ಲಿಂಡೆಮನ್ ಕೆಲಸ ಮಾಡಿದರು. ಸಾಮಾನ್ಯ ಶೋಕದಿಂದ ಹೊರಬರಲು ನಾಲ್ಕರಿಂದ ಆರು ವಾರ, ವೈದ್ಯರ ಜೊತೆ ಎಂಟು ಹತ್ತು ಭೇಟಿ ಸಾಕಾಗಬಹುದು ಎಂದು 1944ರಲ್ಲಿ ಹೇಳಿದರು. ಐವತ್ತು ವರ್ಷದ ಸಂಸಾರಕ್ಕೆ ಆರು ವಾರ! 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ ಅವರ ಐದು ಹಂತಗಳು ಬಂದವು: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು. ಅವು ಮೂಲದಲ್ಲಿ ಸಾವು ಹತ್ತಿರವಾದ ರೋಗಿಗಳ ಬಗ್ಗೆ ಹೇಳಿದ್ದು. ಉಳಿದವರ ದುಃಖಕ್ಕೂ ಅದೇ ಅಳತೆಗೋಲಾಯಿತು.

ಈ ಕಥೆಯಲ್ಲಿ ನನಗೆ ತುಂಬಾ ಮುಖ್ಯ ಅನಿಸುವುದು 1971ರಲ್ಲಿ ಬಂದ ಒಂದು ಅಧ್ಯಯನ. ವೇಲ್ಸ್‌ನ ಊರ ವೈದ್ಯ ಡೆವಿ ರೀಸ್ ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿದರು. ಅವರಲ್ಲಿ 227 ಜನ ಹೆಂಗಸರು. ಹೆಚ್ಚುಕಡಿಮೆ ಅರ್ಧದಷ್ಟು ಜನ ತೀರಿಹೋದವರು ಪಕ್ಕದಲ್ಲೇ ಇದ್ದಂತೆ ಅನುಭವಿಸಿದ್ದರು. ಕೆಲವರಿಗೆ ದನಿ ಕೇಳಿತ್ತು, ಕೆಲವರು ಅವರನ್ನು ಕಂಡಿದ್ದರು, ಕೆಲವರು ಅವರ ಜೊತೆ ಮಾತಾಡಿದ್ದರು. ದಾಂಪತ್ಯ ಉದ್ದವಾದಷ್ಟೂ ಇದು ಜಾಸ್ತಿ. ಬಹಳಷ್ಟು ಜನರಿಗೆ ಅದರಿಂದ ಸಮಾಧಾನವೇ ಸಿಕ್ಕಿತ್ತು. ಆದರೂ ಹೆಚ್ಚಿನವರು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ನಗುತ್ತಾರೆ ಅಂತ ಭಯ. ಎಷ್ಟೊಂದು ಜನ, ಒಬ್ಬೊಬ್ಬರೇ, ಸುಮ್ನೆ ಇದ್ದುಬಿಟ್ಟಿದ್ದರು ಅಲ್ವಾ?

ಅವರ ಅನುಭವಕ್ಕೆ ಒಂದು ಹೆಸರು ಸಿಗಲು ಇನ್ನೂ 25 ವರ್ಷ ಬೇಕಾಯಿತು. ಬೋಸ್ಟನ್‌ನಲ್ಲಿ 1960ರ ದಶಕದಲ್ಲೇ ಸಮಾಜ ಕಾರ್ಯಕರ್ತೆ ಫಿಲಿಸ್ ಸಿಲ್ವರ್‌ಮನ್, ಗಂಡನನ್ನು ಕಳೆದುಕೊಂಡ ಹೆಂಗಸರೇ ಹೊಸದಾಗಿ ಕಳೆದುಕೊಂಡವರಿಗೆ ಜೊತೆಯಾಗುವ ಕೆಲಸ ಶುರು ಮಾಡಿದ್ದರು. 1996ರಲ್ಲಿ ಅವರೂ ಜೊತೆಗಾರರೂ, ಸಂಬಂಧ ಸಾವಿನಿಂದ ಮುಗಿಯುವುದಿಲ್ಲ, ರೂಪ ಬದಲಿಸಿ ಮುಂದುವರಿಯುತ್ತದೆ ಎಂದರು. ಅದಕ್ಕೆ 'ಮುಂದುವರಿಯುವ ಬಂಧ' ಎಂದು ಹೆಸರಿಟ್ಟರು. ನೆದರ್‌ಲ್ಯಾಂಡ್ಸ್‌ನ ಮನಶ್ಶಾಸ್ತ್ರಜ್ಞರಾದ ಸ್ಟ್ರೋಬೆ ಮತ್ತು ಶುಟ್ 1999ರಲ್ಲಿ ಇನ್ನೊಂದು ಮಾತು ಸೇರಿಸಿದರು. ಮನಸ್ಸು ದುಃಖಕ್ಕೂ ಬದುಕಿಗೂ ನಡುವೆ ಹೋಗಿಬಂದು ಮಾಡುತ್ತದೆ. ಬೆಳಿಗ್ಗೆ ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಿ, ಸಂಜೆ ಅವರ ಅಂಗಿ ಹಿಡಿದು ಅಳುವುದು ಎರಡೂ ಸರಿಯೇ.

2022ರಲ್ಲಿ ಗಡುವು ಇನ್ನೊಂದು ರೂಪದಲ್ಲಿ ಮರಳಿತು. ದೀರ್ಘಕಾಲದ ಶೋಕ ಒಂದು ಕಾಯಿಲೆಯಾಗಿ ಮನೋವೈದ್ಯರು ಬಳಸುವ ಕಾಯಿಲೆಗಳ ಪಟ್ಟಿ ಸೇರಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಕನಿಷ್ಠ 6 ತಿಂಗಳು, ಅಮೆರಿಕದ ಮನೋವೈದ್ಯರ ಲೆಕ್ಕದಲ್ಲಿ 12. ಆದರೆ ತಿಂಗಳು ಎಣಿಸಿದರಷ್ಟೇ ಸಾಲದು, ದುಃಖ ತೀವ್ರವಾಗಿದ್ದು ದಿನದ ಬದುಕಿಗೆ ದೊಡ್ಡ ಅಡ್ಡಿಯಾಗಿರಬೇಕು. ನನಗೆ ಈ ವ್ಯತ್ಯಾಸವೇ ದೊಡ್ಡದು. ಗಂಡನ ಫೋಟೊ ಜೊತೆ ಮಾತಾಡುವ ಅಜ್ಜಿಗೆ ಕಾಯಿಲೆ ಇಲ್ಲ. ಊಟ, ನಿದ್ದೆ, ಮಾತು ಬಿಟ್ಟು ತಿಂಗಳುಗಟ್ಟಲೆ ಮುದುಡಿದವರನ್ನು ಮಾತ್ರ 'ವಯಸ್ಸಾಯ್ತಲ್ಲ' ಅಂತ ಬಿಡದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು.